ಪೇಪರ್ ಆಯ್ತಾ?

ನನ್ನ ಅಕ್ಕನ ಮಗಳು ಗ್ರಂಥಾಲಯ ವಿಜ್ಞಾನದಲ್ಲಿ ಎಂ.ಲಿಬ್ ಓದುತ್ತಿದ್ದಾಳೆ. ಏಪ್ರಿಲ್ ತಿಂಗಳಲ್ಲಿ ಒಂದು ದಿನ 40 ಫಾರ್ಮ್ ತಂದು ನನ್ನ ಮುಂದೆ ಇಟ್ಟಳು. "ಮಾಮ, ನೀನು ಹೆಂಗೂ ರಿಟೈರ್ ಆಗಿದೀಯ. ದಿನಾ ಲೈಬ್ರರಿಗೆ ಪೇಪರ್ ಓದೋಕೆ ಹೋಗ್ತೀಯ. ಇವನ್ನ ಅಲ್ಲಿರೋ ಹುಡುಗರ ಹತ್ರ ತುಂಬಿಸಿಕೊಂಡು ಬಾ" ಅಂದಳು.

ಮೇಲೆ ದಪ್ಪ ಅಕ್ಷರದಲ್ಲಿ ವಿಷಯ ಅಚ್ಚಾಗಿತ್ತು: 'ಸಾರ್ವಜನಿಕ ಗ್ರಂಥಾಲಯಗಳಲ್ಲಿ ಯುವ ವಯಸ್ಕರ ಸಂವಹನ ಹಾಗೂ ಸಾಮಾಜೀಕರಣ.'

"ಅಂದ್ರೆ ಏನೇ?"

"ಹುಡುಗರು ಲೈಬ್ರರಿಯಲ್ಲಿ ಹೆಂಗೆ ಮಾತಾಡ್ತಾರೆ, ಹೆಂಗೆ ಬೆರೀತಾರೆ ಅಂತ."

"ಅಲ್ಲಿ ಮಾತಾಡಂಗಿಲ್ಲ ಅಲ್ವಾ?"

"ಮಾಮ, ಅದು ನಿನ್ನ ತಲೆನೋವಲ್ಲ. ನೀನು ಸುಮ್ನೆ ಫಾರ್ಮ್ ಕೊಡು."

'ಯುವ ವಯಸ್ಕ' ಅನ್ನುವ ಪ್ರಾಣಿಯನ್ನು ನಾನು ದಾವಣಗೆರೆಯಲ್ಲಿ ಕಂಡಿರಲಿಲ್ಲ. ನಮ್ಮಲ್ಲಿ ಇರೋದು ಎರಡೇ, ಹುಡುಗ ಮತ್ತು ದೊಡ್ಡೋನು. ಕೆಲಸ ಸಿಗುವವರೆಗೆ ಹುಡುಗ. ಆ ಲೆಕ್ಕದಲ್ಲಿ ನಮ್ಮ ಲೈಬ್ರರಿಯಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ 34 ವರ್ಷದ ಹುಡುಗರಿದ್ದಾರೆ, ತಲೆ ಮುಂದೆ ಸ್ವಲ್ಪ ಕೂದಲು ಉದುರಿದೆ, ಅಷ್ಟೇ.

ಲೈಬ್ರರಿ ಯಾವುದು ಅಂತ ಹೇಳಲ್ಲ. ನಾಳೆ ನನಗೆ ಅಲ್ಲಿ ಕೂರೋಕೆ ಕುರ್ಚಿ ಬೇಕು. ಗೋಡೆ ಮೇಲೆ ಮೂರು ಬೋರ್ಡುಗಳಿವೆ. ಒಂದು, 'ನಿಶ್ಶಬ್ದವಾಗಿರಿ'. ಎರಡನೇದು, 'ಮೊಬೈಲ್ ಬಳಕೆ ನಿಷೇಧಿಸಲಾಗಿದೆ'. ಅದರ ಕೆಳಗೇ ಮೂರನೇದು, ಡಿಜಿಟಲ್ ಗ್ರಂಥಾಲಯಕ್ಕೆ ಸೇರಲು ನಿಮ್ಮ ಮೊಬೈಲ್‌ನಿಂದ ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂತ. ಮೊಬೈಲ್ ತೆಗೆದರೆ ಎರಡನೇ ಬೋರ್ಡಿಗೆ ಅವಮಾನ, ತೆಗೆಯದಿದ್ದರೆ ಮೂರನೇದಕ್ಕೆ. ಇದೇನ್ರೀ ಹಿಂಗೆ ಅಂತ ಕೇಳೋಣ ಅಂದರೆ ಮೊದಲನೇ ಬೋರ್ಡು ಅಡ್ಡ ಬರುತ್ತದೆ.

ಒಳಗೆ ಹೋಗುವ ಮುಂಚೆ ಬಾಗಿಲಲ್ಲಿ ರಿಜಿಸ್ಟರ್. ಹೆಸರು, ಬಂದ ಸಮಯ, ಹೋದ ಸಮಯ, ಬಂದ ಉದ್ದೇಶ. ಬೆಳಗ್ಗೆ ಮೊದಲು ಬಂದವನು ಉದ್ದೇಶದ ಕಾಲಮ್ಮಿನಲ್ಲಿ 'ಓದಲು' ಅಂತ ಬರೆಯುತ್ತಾನೆ. ಆಮೇಲೆ ಬಂದವರೆಲ್ಲ ಅದರ ಕೆಳಗೆ ಎರಡೆರಡು ಗೀರು ಎಳೆದು ಒಳಗೆ ಹೋಗುತ್ತಾರೆ. ಆ ದಿನ ಸಾಲಿನ ನಡುವೆ ಒಬ್ಬ ಪುಣ್ಯಾತ್ಮ 'ಫ್ಯಾನ್' ಅಂತ ಬರೆದಿದ್ದ. ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವನ ನಂತರ ಬಂದ 12 ಜನ ಮೇಲೆ ಏನಿದೆ ಅಂತ ನೋಡದೆ ಗೀರು ಎಳೆದಿದ್ದರು. ದಾಖಲೆ ಪ್ರಕಾರ ಅವರೆಲ್ಲ ಫ್ಯಾನಿಗೇ ಬಂದವರು.

ಫಾರ್ಮಿನ ಮೊದಲ ಭಾಗದಲ್ಲಿ ವಯಸ್ಸು, ಊರು, ವಿದ್ಯಾರ್ಹತೆ, ಕುಟುಂಬದ ವಾರ್ಷಿಕ ಆದಾಯ, ವಿವಾಹಿತ ಅಥವಾ ಅವಿವಾಹಿತ. ಜಗಳೂರು ಕಡೆಯ ಹುಡುಗನೊಬ್ಬ ಇದನ್ನು ಓದಿ ಕಾಲರ್ ಸರಿ ಮಾಡಿಕೊಂಡ. ಪಿಸುದನಿಯಲ್ಲಿ ಕೇಳಿದ, "ಅಂಕಲ್, ಹುಡುಗಿ ಏನು ಓದ್ಯಾಳೆ?"

ನಾನು ಸುಳ್ಳು ಹೇಳುವವನಲ್ಲ. "ಎಂ.ಲಿಬ್" ಅಂದೆ.

"ನಿಮಗೇನಾಗಬೇಕು?"

"ಅಕ್ಕನ ಮಗಳು. ಆದರೆ ಇದು ಸಂಶೋಧನೆ ಕಣಪ್ಪ."

"ಇರ್ಲಿ ಬಿಡ್ರಿ ಅಂಕಲ್, ಈಗೆಲ್ಲ ಹಂಗೇ ಶುರು ಆಗೋದು" ಅಂದು ದುಂಡಗಿನ ಅಕ್ಷರದಲ್ಲಿ ಫಾರ್ಮ್ ತುಂಬೋಕೆ ಕೂತ.

ಎರಡನೇ ಭಾಗಕ್ಕೆ ಬಂದಾಗ ಎಲ್ಲರ ಪೆನ್ನೂ ನಿಂತಿತು. 'ಗ್ರಂಥಾಲಯದೊಳಗಿನ ಸಹ-ಉಪಸ್ಥಿತಿಯು ನನ್ನ ಸಾಮಾಜೀಕರಣವನ್ನು ಸುಗಮಗೊಳಿಸುತ್ತದೆ.' ಎದುರಿಗೆ ಐದು ಚೌಕ: ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸುತರಾಂ ಒಪ್ಪುವುದಿಲ್ಲ. 1932ರಲ್ಲಿ ಲಿಕರ್ಟ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಪದ್ಧತಿ ತಂದರಂತೆ. ಪಾಪ, ಅವರು ನಮ್ಮ ಕಡೆಯವರನ್ನು ಕೇಳಿರಲಿಲ್ಲ. ಕೇಳಿದ್ದರೆ 'ನೀವ್ ಹೆಂಗಂತೀರೋ ಹಂಗೆ' ಅಂತ ಆರನೇ ಚೌಕ ಹಾಕಬೇಕಾಗುತ್ತಿತ್ತು.

ಒಬ್ಬ ಮೆಲ್ಲಗೆ ಕೈ ಎತ್ತಿದ. "ಅಂಕಲ್, ಇದರ ಇಂಗ್ಲಿಷ್ ಐತಾ? ಕನ್ನಡ ಅರ್ಥ ಆಗ್ಲಿಲ್ಲ." ಅವನು ಕನ್ನಡ ಮೀಡಿಯಮ್ಮಿನ ಹುಡುಗ. ಅವನದು ತಪ್ಪಲ್ಲ, ಅನುಭವ. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿಯವರು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗೆ ಪ್ರಿಲಿಮ್ಸ್ ನಡೆಸಿದಾಗ ಕನ್ನಡದ ಪ್ರಶ್ನೆಗಳು ಎಷ್ಟು ಚೆಂದ ಅನುವಾದ ಆಗಿದ್ದವು ಅಂದರೆ, ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ ಇಡಬೇಕಾಯಿತು. ಮರುಪರೀಕ್ಷೆಯ ಅನುವಾದದ ಮೇಲೂ ದೂರು ಬಂತು. ಅವತ್ತಿನಿಂದ ಈ ಹುಡುಗರು ಕನ್ನಡದ ಪ್ರಶ್ನೆ ಕಂಡರೆ ಮೊದಲು ಇಂಗ್ಲಿಷ್ ಹುಡುಕುತ್ತಾರೆ. ಕರ್ನಾಟಕದಲ್ಲಿ ಇಂಗ್ಲಿಷ್ ಕಲಿಕೆಗೆ ಕೆಪಿಎಸ್‌ಸಿಯಷ್ಟು ದುಡಿದವರು ಬೇರೆ ಯಾರೂ ಇಲ್ಲ.

ಇಷ್ಟಕ್ಕೂ ಈ ವಿಷಯ ಎಲ್ಲಿಂದ ಬಂತು ಅಂತ ಅಕ್ಕನ ಮಗಳನ್ನು ಕೇಳಿದ್ದೆ. ಓಲ್ಡೆನ್‌ಬರ್ಗ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರು 1989ರಲ್ಲಿ 'ಮೂರನೇ ಜಾಗ' ಅಂತ ಒಂದು ಮಾತು ಹೇಳಿದರಂತೆ. ಮನುಷ್ಯನಿಗೆ ಮೊದಲ ಜಾಗ ಮನೆ, ಎರಡನೇದು ಕೆಲಸದ ಜಾಗ. ಇವೆರಡೂ ಅಲ್ಲದೆ ನಾಲ್ಕು ಜನ ಸುಮ್ಮನೆ ಸೇರಿ ಹರಟುವ ಮೂರನೇ ಜಾಗ ಒಂದು ಬೇಕು. ಹೋಟೆಲ್ಲು, ಕಟಿಂಗ್ ಶಾಪು, ಹಿಂಗೆ. ಆಮೇಲೆ ಬಂದವರು ಲೈಬ್ರರಿಯನ್ನೂ ಆ ಪಟ್ಟಿಗೆ ಸೇರಿಸಿದರು. ಒಳ್ಳೇ ಮಾತೇ. ಆದರೆ ನಮ್ಮ ಹುಡುಗರದು ಬೇರೆ ತಾಪತ್ರಯ. ಮೊದಲ ಜಾಗ ಜಗಳೂರಿನಲ್ಲೋ ಹೊನ್ನಾಳಿಯಲ್ಲೋ ಇದೆ. ಎರಡನೇ ಜಾಗಕ್ಕೆ ಅರ್ಜಿ ಹಾಕಿದ್ದಾರೆ, ನೋಟಿಫಿಕೇಶನ್ ಬಂದಿಲ್ಲ. ಮೂರನೇ ಜಾಗದಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಕೂತಿದ್ದಾರೆ. ಸೋಮವಾರ ಮತ್ತು ಎರಡನೇ ಮಂಗಳವಾರ ಲೈಬ್ರರಿಗೆ ರಜೆ. ಆ ದಿನ ಇವರು ಎಲ್ಲಿರಬೇಕು ಅನ್ನೋದಕ್ಕೆ ಯಾವ ಶಾಸ್ತ್ರದಲ್ಲೂ ಜಾಗ ಇಲ್ಲ.

ಹಾಗಂತ ಇವರು ಬೆರೆಯುವುದಿಲ್ಲ ಅಂತಲ್ಲ. ನಾನು ಮೂರು ವಾರ ಕೂತು ನೋಡಿದ್ದೇನೆ. ಇಡೀ ಹಾಲ್‌ನಲ್ಲಿ ಬೋರ್ಡಿನ ಅಪ್ಪಣೆ ಮೀರದೆ ಹೇಳಬಹುದಾದ ಮಾತು ಒಂದೇ: "ಪೇಪರ್ ಆಯ್ತಾ?" ನಮ್ಮಲ್ಲಿ ದಿನಪತ್ರಿಕೆ ಇಡಿಯಾಗಿ ಇರುವುದು ಬೆಳಗಿನ ಹತ್ತು ನಿಮಿಷ ಮಾತ್ರ. ಆಮೇಲೆ ಹಾಳೆ ಹಾಳೆ ಬಿಡಿಸಿ ಹಂಚಿಕೆ ಆಗುತ್ತದೆ. ಮುಖಪುಟ ನನ್ನಂಥ ಹಿರಿಯರ ಹತ್ತಿರ. ಸಂಪಾದಕೀಯ ಕೆಎಎಸ್ ಓದುವವನ ಹತ್ತಿರ, ಅವನು ಅದಕ್ಕೆ ಗೆರೆ ಹಾಕುತ್ತಾನೆ, ಲೈಬ್ರರಿಯನ್ ನೋಡಿದಾಗ ಪೆನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾನೆ. ಆಟದ ಪುಟ ಕಿಟಕಿ ಹತ್ತಿರ. ಮುಖಪುಟದ ಸುದ್ದಿ ಏಳನೇ ಪುಟಕ್ಕೆ ಮುಂದುವರಿದಿದೆ ಅಂದರೆ ನಾನು ಎದ್ದು ಏಳನೇ ಪುಟ ಯಾರ ಹತ್ತಿರ ಇದೆ ಅಂತ ಹುಡುಕಿಕೊಂಡು ಹೋಗಬೇಕು. ಸಮಾಜ ಅಂದರೆ ಇದೇ ಅಲ್ವಾ? ಒಂದು ಸುದ್ದಿ ಪೂರ್ತಿ ಓದೋಕೆ ಮೂರು ಜನರ ಸಹಕಾರ ಬೇಕು.

"ಪೇಪರ್ ಆಯ್ತಾ?" ಅನ್ನೋದಕ್ಕೆ ಅರ್ಥಗಳೂ ಹಲವು. ಹೆಣ್ಣುಮಕ್ಕಳ ಟೇಬಲ್ ಎರಡು ಬೀರುವಿನ ಹಿಂದೆ ಇದೆ. ಒಬ್ಬ ಹುಡುಗ ದಿನಾ ಹನ್ನೊಂದು ಗಂಟೆಗೆ ಅಲ್ಲಿಗೆ ಹೋಗಿ ಪೇಪರ್ ಆಯ್ತಾ ಅಂತ ಕೇಳಿ ಬರುತ್ತಿದ್ದ. ಅವನ ಕೈಯಲ್ಲಿ ಅದೇ ಪೇಪರ್ ಇರುತ್ತಿತ್ತು.

ಕುರ್ಚಿ ಹಿಡಿಯೋದು ಇನ್ನೊಂದು ಶಾಸ್ತ್ರ. ಬಸ್ಸಿನ ಕಿಟಕಿಯಿಂದ ಕರ್ಚೀಫು ಹಾಕಿದ ಹಾಗೆ ಇಲ್ಲಿ ನೀರಿನ ಬಾಟಲಿ ಇಡುತ್ತಾರೆ. ಗೋಡೆ ಪಕ್ಕದ ಕುರ್ಚಿಯಲ್ಲಿ ಒಂದು ಹಸಿರು ಬಾಟಲಿ ಎಷ್ಟು ದಿನದಿಂದ ಇದೆ ಅಂದರೆ, ಅದರ ಹೆಸರಿಗೆ ಖಾತೆ ಮಾಡಿಕೊಡಬಹುದು. ಆ ಗೋಡೆಯಲ್ಲೇ ಲೈಬ್ರರಿಯ ಒಂದೇ ಒಂದು ಪ್ಲಗ್ ಪಾಯಿಂಟ್ ಇದೆ. ಅದಕ್ಕೆ ಯಾರೋ ಮನೆಯಿಂದ ತಂದ ಎಕ್ಸ್‌ಟೆನ್ಷನ್ ಬಾಕ್ಸ್, ಅದರಲ್ಲಿ ನಿಷೇಧಿಸಲಾದ ಆರು ಮೊಬೈಲುಗಳು. ಹಳ್ಳಿಯಲ್ಲಿ ಅರಳಿಕಟ್ಟೆ ಇದ್ದ ಹಾಗೆ ಇಲ್ಲಿ ಪ್ಲಗ್ ಕಟ್ಟೆ. ಯಾರ ಫೋನಿಗೆ ಎಷ್ಟು ಚಾರ್ಜ್ ಇದೆ, ಯಾರದ್ದು ಮೊದಲು ತೆಗೀಬೇಕು ಅನ್ನೋ ತೀರ್ಮಾನ ಎಲ್ಲ ಹುಬ್ಬಿನಲ್ಲೇ ನಡೆಯುತ್ತದೆ.

ಹಸಿರು ಬಾಟಲಿಯ ಮಾಲೀಕನನ್ನು ಎಲ್ಲರೂ 'ಪಿಎಸ್‌ಐ ಸಾಹೇಬ್ರು' ಅನ್ನುತ್ತಾರೆ. ಅವನು ಪಿಎಸ್‌ಐ ಅಲ್ಲ. 545 ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಬರೆದ. ಅಕ್ರಮ ಹೊರಗೆ ಬಂದು 2022ರಲ್ಲಿ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟರಲ್ಲಿ ಅವನ ತಂಗಿ ಮದುವೆ ಆಗಿ, ಮಗು ಆಗಿ, ಆ ಮಗು 'ಮಾಮ' ಅನ್ನುವಷ್ಟಾಗಿತ್ತು. ಎರಡನೇ ಸಲ ಕೂದಲೆಳೆಯಲ್ಲಿ ತಪ್ಪಿತಂತೆ. ಈಗ ಹೊಸಬರಿಗೆ ಯಾವ ವಿಷಯ ಎಲ್ಲಿಂದ ಓದಬೇಕು ಅಂತ ಅವನೇ ಹೇಳಿಕೊಡುತ್ತಾನೆ. ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರೆದಿಟ್ಟರು. ನಾಲ್ಕನೇದು, ಓದುಗನ ಸಮಯ ಉಳಿಸಿ. ಲೈಬ್ರರಿಯವರು ಪಾಲಿಸುತ್ತಾರೋ ಬಿಡುತ್ತಾರೋ, ನೇಮಕಾತಿಯವರು ಮಾತ್ರ ಓದುಗನ ಮುಂದೆ ಸಮಯವನ್ನು ರಾಶಿ ಹಾಕಿಟ್ಟಿದ್ದಾರೆ.

ಐದನೇ ಸೂತ್ರ, ಗ್ರಂಥಾಲಯ ಬೆಳೆಯುವ ಜೀವಿ. ಇದು ನೂರಕ್ಕೆ ನೂರು ನಿಜ. ನಮ್ಮದು ಗೇಟು ದಾಟಿ ಎದುರಿನ ಟೀ ಅಂಗಡಿವರೆಗೆ ಬೆಳೆದಿದೆ. ಸಂಜೆ ಐದಕ್ಕೆ ಇಡೀ ಹಾಲ್ ಅಲ್ಲಿಗೆ ವರ್ಗ. ಬೆಣ್ಣೆ ದೋಸೆ ಊರಿಗೆ ಬಂದ ನೆಂಟರಿಗೆ. ಇವರದ್ದು ಬೈಟು ಟೀ, ಪೇಪರಿನ ಮೇಲೆ ಮಂಡಕ್ಕಿ, ಅದರ ಮೇಲೆ ಒಂದು ಮೆಣಸಿನಕಾಯಿ, ನಾಲ್ಕು ಕೈ. ಬೆಳಗ್ಗೆಯಿಂದ ಕಟ್ಟಿ ಹಾಕಿದ್ದ ಮಾತು ಒಮ್ಮೆಲೇ ಹೊರಗೆ ಬರುತ್ತದೆ. ಕೀ ಆನ್ಸರ್ ತಪ್ಪು, ಕೋರ್ಟ್ ಸ್ಟೇ, ವಯೋಮಿತಿ ಸಡಿಲಿಕೆ, ಯಾರದೋ ರೂಮಿನ ಬಾಡಿಗೆ ಬಾಕಿ, ಯಾರಿಗೋ ಆರ್ಡರ್ ಬಂತಂತೆ. ಊರಿಂದ ಅಮ್ಮನ ಫೋನು ಬಂದರೆ ಮಾತ್ರ ಎಲ್ಲರೂ ಗಪ್‌ಚುಪ್. ಯಾಕೆಂದರೆ ಫೋನಿನಲ್ಲಿರುವವನು "ಲೈಬ್ರರಿಯಲ್ಲಿದೀನಮ್ಮ, ಜೋರಾಗಿ ಮಾತಾಡಂಗಿಲ್ಲ" ಅನ್ನುತ್ತಿರುತ್ತಾನೆ.

ನಾನು ಉತ್ಸಾಹದಿಂದ ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. "ಟೀ ಅಂಗಡಿ ಬರೋದಿಲ್ಲ ಮಾಮ. ಗೈಡ್ ಹೇಳ್ಯಾರೆ, ಗೇಟಿನ ಒಳಗೆ ನಡೆದದ್ದು ಮಾತ್ರ ಲೆಕ್ಕ."

ಅಂದರೆ ಒಳಗೆ ಮಾತಾಡಂಗಿಲ್ಲ, ಹೊರಗೆ ಆಡಿದ್ದು ಮಾತಲ್ಲ.

ಅವತ್ತೇ ಮನೆ ಕಂದಾಯದ ರಸೀದಿ ಕಣ್ಣಿಗೆ ಬಿತ್ತು. ನೂರು ರೂಪಾಯಿ ತೆರಿಗೆಗೆ ಗ್ರಂಥಾಲಯ ಕರ 6 ರೂಪಾಯಿ, ಭಿಕ್ಷುಕರ ಕರ 3 ರೂಪಾಯಿ. ಕಾಗದದ ಮೇಲಾದರೂ ಓದುಗ ಭಿಕ್ಷುಕನ ಎರಡರಷ್ಟು ಬಾಳುತ್ತಾನೆ. ಆ ದುಡ್ಡು ವಸೂಲಿ ಮಾಡಿದವರ ಕೈಯಿಂದ ಗ್ರಂಥಾಲಯ ಇಲಾಖೆಗೆ ಸರಿಯಾಗಿ ದಾಟುವುದಿಲ್ಲ ಅನ್ನೋದು ರಾಜ್ಯದ ತುಂಬ ಇರುವ ಹಳೇ ದೂರು. ಎರಡನೇ ಪ್ಲಗ್ ಪಾಯಿಂಟ್ ಬಹುಶಃ ಆ ಬಾಕಿಯೊಳಗೇ ಎಲ್ಲೋ ಇರಬೇಕು.

ಕೊನೆಗೆ ಫಾರ್ಮ್ ವಾಪಸ್ ತಗೊಂಡೆ. 40ರಲ್ಲಿ ತುಂಬಿದ್ದು 11. ಉಳಿದ 29ರ ಮುಂಭಾಗ ಖಾಲಿ. ಕೆಲವನ್ನು ಬಿಟ್ಟರೆ ಹಿಂಭಾಗ ಮಾತ್ರ ಭರ್ತಿ: ಮೆಂಟಲ್ ಎಬಿಲಿಟಿಯ ರಫ್ ವರ್ಕ್. ಲಾಭ ನಷ್ಟ, ನಲ್ಲಿ ತೊಟ್ಟಿ, ಸರಳ ಬಡ್ಡಿ. ದುಂಡಗಿನ ಅಕ್ಷರದ ಜಗಳೂರು ಹುಡುಗ ತನ್ನದನ್ನು ಎರಡೂ ಕಡೆ ತುಂಬಿದ್ದ. ಅವನ ಫಾರ್ಮಿನ ಹಿಂದೆ 150 ಮೀಟರ್ ಉದ್ದದ ರೈಲೊಂದು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ 350 ಮೀಟರ್ ಸೇತುವೆ ದಾಟುತ್ತಿತ್ತು. ಉತ್ತರ, 14 ಸೆಕೆಂಡ್.

ಅಕ್ಕನ ಮಗಳು ಬೈಯುತ್ತಾಳೆ ಅಂದುಕೊಂಡೆ. ಅವಳು ಆ ಫಾರ್ಮ್ ಹಿಡಿದು ಕಣ್ಣು ಕಿರಿದು ಮಾಡಿದಳು. "ತಪ್ಪು ಮಾಡ್ಯಾನೆ ಮಾಮ. ರೈಲಿನ ಉದ್ದ ಸೇರಿಸಿಲ್ಲ. 20 ಸೆಕೆಂಡ್ ಆಗಬೇಕು."

"ನಿಂಗೆ ಹೆಂಗೆ ಗೊತ್ತು?"

"ನಾನೂ ಎಸ್‌ಡಿಎ ಪರೀಕ್ಷೆಗೆ ಓದ್ತಿದೀನಲ್ಲ" ಅಂದು ಕೆಂಪು ಪೆನ್ನಿನಲ್ಲಿ ತಿದ್ದಿ, ಕೆಳಗೆ ಸೂತ್ರ ಬರೆದು, "ನಾಳೆ ಅವನಿಗೆ ಕೊಟ್ಟುಬಿಡು" ಅಂದಳು.

ಕೊಟ್ಟೆ. ಮಾರನೇ ದಿನ ಅವನು ಇನ್ನೊಂದು ಖಾಲಿ ಫಾರ್ಮಿನ ಹಿಂದೆ ಎರಡು ರೈಲು ಎದುರುಬದುರು ಬರುವ ಲೆಕ್ಕ ಬರೆದು, ಇದು ಸರಿ ಇದೆಯಾ ಕೇಳಿ ಅಂದ. ಅದಕ್ಕೆ ಉತ್ತರ ಹೋಯಿತು. ಅದಕ್ಕೆ ಮತ್ತೊಂದು ಪ್ರಶ್ನೆ ಬಂತು. ಯಾರೂ ಒಂದು ಮಾತೂ ಆಡಿಲ್ಲ, ಯಾರೂ ಮೊಬೈಲ್ ಮುಟ್ಟಿಲ್ಲ, ಎಲ್ಲ ಗೇಟಿನ ಒಳಗೇ ನಡೆಯುತ್ತಿದೆ. ಖಾಲಿ ಫಾರ್ಮ್ ಮುಗಿಯುತ್ತಾ ಬಂದವು. ನಿನ್ನೆ ಅಕ್ಕನ ಮಗಳು ಜೆರಾಕ್ಸ್‌ಗೆ ಅಂತ ನೂರು ರೂಪಾಯಿ ಇಸ್ಕೊಂಡಳು.