ಡಬ್ಬಿ ಸಮೇತ ತೂಗಿದ ಅಣಬೆ

ನಶೆ ಏರಿಸುವ 'ಮ್ಯಾಜಿಕ್' ಅಣಬೆಯ ಬಗ್ಗೆ ಕೇರಳ ಹೈಕೋರ್ಟಿನ ಆದೇಶ ಬಂದದ್ದು 2025ರ ಜನವರಿಯಲ್ಲಿ. ಬೆಳಗಾವಿಯ ಮೊಬೈಲುಗಳಿಗೆ ಅದು ಇನ್ನೂ ಬರುತ್ತಲೇ ಇದೆ. ಟಿಳಕವಾಡಿಯ ಚಹಾದಂಗಡಿ ಮುಂದೆ ನಿಂತ ಹುಡುಗರೆಲ್ಲ ಈಗ ಅರ್ಧ ವಕೀಲರು. "ಮ್ಯಾಜಿಕ್ ಮಶ್ರೂಮ್ ಲೀಗಲ್ ಆಗೇತಲೇ ದೋಸ್ತ, ಕೋರ್ಟೇ ಹೇಳೇತಿ!"

ಕೋರ್ಟು ಹೇಳಿದ್ದು ಜಾಮೀನು ಅರ್ಜಿಯ ಮೇಲೆ. ಅಣಬೆ ನಿಸರ್ಗದಲ್ಲಿ ಬೆಳೆಯುವ ಶಿಲೀಂಧ್ರ, ಅದನ್ನು 'ಮಿಶ್ರಣ' ಎನ್ನಲಾಗದು ಎಂದಷ್ಟೇ. ಜಾಮೀನಿಗೂ ಖುಲಾಸೆಗೂ ನಡುವಿನ ಅಂತರ ಮೂವತ್ತು ಸೆಕೆಂಡಿನ ರೀಲಿನಲ್ಲಿ ಹಿಡಿಸುವುದಿಲ್ಲ, ಪಾಪ.

ಈ ಮಿಶ್ರಣದ ಜಗಳ ನಮ್ಮೂರಿಗೆ ಹೊಸದಲ್ಲ. ಕುಂದಾ ಕೊಳ್ಳಲು ಹೋದರೆ ರಟ್ಟಿನ ಡಬ್ಬಿ ಸಮೇತ ತಕ್ಕಡಿಗೆ ಏರುತ್ತದೆ. ಕುಂದಾದ ದರದಲ್ಲೇ ರಟ್ಟು. "ಅಣ್ಣಾರ, ಡಬ್ಬಿ ತಗದ್ ತೂಗ್ರಿ" ಅಂದರೆ ಕಿಡ್ನಿ ಕೇಳಿದ ಹಾಗೆ ನೋಡುತ್ತಾರೆ. 2020ರಲ್ಲಿ ಸುಪ್ರೀಂ ಕೋರ್ಟ್ ಮಾದಕವಸ್ತುವಿನ ಮಟ್ಟಿಗೆ ಅಂಗಡಿಯವರ ಪರ ನಿಂತಿತು: ಬೆರಕೆ ಮಾಲಾದರೆ ಒಟ್ಟು ತೂಕವೇ ಲೆಕ್ಕ. ಕೇರಳದಲ್ಲಿ ಅಣಬೆಯೇ ಡಬ್ಬಿಯಾಯಿತು; ಒಳಗಿನ ನಶೆಯ ಅಂಶ ಸಿಲೊಸೈಬಿನ್ ಮಾತ್ರ ತೂಗಬೇಕು.

ತೂಗೋಣಂತೆ. 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯಡಿ ಸಿಲೊಸೈಬಿನ್ 2 ಗ್ರಾಂಗಿಂತ ಕಡಿಮೆ ಇದ್ದರೆ ಸಣ್ಣ ಪ್ರಮಾಣ, 50 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಹಸಿ ಅಣಬೆಯಲ್ಲಿ ತೊಂಬತ್ತು ಪಾಲು ನೀರು. ಒಂದೂವರೆ ಕೆ.ಜಿ. ಬುಟ್ಟಿ ಒಣಗಿದರೆ 150 ಗ್ರಾಂ, ನೂರಕ್ಕೆ ಒಂದರಂತೆ ಹಿಡಿದರೆ ನಿಜವಾದ ಆರೋಪಿ ಒಂದೂವರೆ ಗ್ರಾಂ. ಡಬ್ಬಿ ಸಮೇತ ತೂಗಿದರೆ 10ರಿಂದ 20 ವರ್ಷ, ಡಬ್ಬಿ ಬಿಟ್ಟರೆ ಹೆಚ್ಚೆಂದರೆ ಒಂದು ವರ್ಷ. ಒಂದು ವರ್ಷವೂ ಜೈಲೇರೀ, ಅದನ್ನು ರೀಲು ಹೇಳುವುದಿಲ್ಲ.

ಈ ಅಣಬೆ ಏಳುವುದು ಮಳೆಗಾಲದ ಸಗಣಿ ಮೇಲೆ. ಹಾಗಾದರೆ ಖಾನಾಪುರದ ಎಮ್ಮೆಯ ಗತಿ? ಬೆಳೆದ ಆರೋಪವೋ, ಜಾಗ ಒದಗಿಸಿದ ಆರೋಪವೋ? ಪಂಚನಾಮೆಗೆ ಸಹಿ ಬೇಡ, ಗೊರಸಿನ ಗುರುತು ಸಾಕು.

"ನ್ಯಾಚುರಲ್ ಐತ್ರಿ" ಎನ್ನುವವರ ಜೊತೆ ವಾದಿಸಿ ಸಾಕಾಗಿದೆ. ತಿಂದ ಅರ್ಧ ಗಂಟೆಗೆ ಏರಿದ್ದು ನಾಲ್ಕರಿಂದ ಆರು ತಾಸು ಇಳಿಯುವುದಿಲ್ಲ. ಗೋಡೆ ಉಸಿರಾಡುತ್ತದೆ ಎಂದು ಒಬ್ಬ ನಗುತ್ತಿದ್ದರೆ, ಪಕ್ಕದವನು ಸತ್ತೇ ಹೋದೆನೆಂದು ಮೂಲೆ ಹಿಡಿದಿರುತ್ತಾನೆ. ಲಿಥಿಯಂ ಮಾತ್ರೆ ನುಂಗುವವರಿಗೆ ಫಿಟ್ಸ್ ಬರಬಹುದು. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇದ್ದರೆ ಒಂದು ಸಂಜೆಯ ಮಜಾ ವರ್ಷಗಟ್ಟಲೆ ಬೆನ್ನು ಬೀಳಬಹುದು.

ಇದೆಲ್ಲ ಸರಿಯಾದ ಅಣಬೆ ಸಿಕ್ಕಾಗಿನ ಮಾತು. ಅಮಾನಿಟಾ ಕುಲದ ವಿಷದಣಬೆಯೂ ನ್ಯಾಚುರಲ್ಲೇ. ಆರು ತಾಸು, ಹನ್ನೆರಡು ತಾಸು ಸುಮ್ಮನಿದ್ದು ಆಮೇಲೆ ವಾಂತಿ ಭೇದಿ ಹಿಡಿಸುತ್ತದೆ. ಮರುದಿನ ಆರಾಮ ಅನಿಸುತ್ತದೆ, ಮನೆಯವರು "ಡಿಸ್ಚಾರ್ಜ್ ಮಾಡ್ರಿ ಸರ್ರ" ಅನ್ನುತ್ತಾರೆ, ಅಷ್ಟರಲ್ಲಿ ಲಿವರ್ ಹೋಗುತ್ತಿರುತ್ತದೆ. ಕುದಿಸಿದರೂ ಈ ವಿಷ ಸಾಯುವುದಿಲ್ಲ. ಬೆಳ್ಳಿ ಚಮಚ ಕಪ್ಪಾಗಲಿಲ್ಲ, ಇರುವೆ ತಿಂದಿದೆ, ಒತ್ತಿದರೆ ಕಾಂಡ ನೀಲಿಯಾಯಿತು: ಇವು ಯಾವುವೂ ಪರೀಕ್ಷೆಯಲ್ಲ.

ಆಸ್ಪತ್ರೆಯಲ್ಲಿ ಕೇಳುವುದು ಎಷ್ಟು ಗಂಟೆಗೆ ತಿಂದಿರಿ, ಎಷ್ಟು ಗಂಟೆಗೆ ವಾಂತಿ ಶುರುವಾಯಿತು ಎಂದು. ಉಳಿದ ಅಣಬೆ ಇದ್ದರೆ ಜೊತೆಗೇ ಒಯ್ಯಿರಿ. ಪ್ಲಾಸ್ಟಿಕ್ಕಿನಲ್ಲಿ ಬೇಡ, ಕೊಳೆಯುತ್ತದೆ. ಕುಂದಾದ ಖಾಲಿ ಡಬ್ಬಿಯಲ್ಲಿ ಹಾಕಿಕೊಳ್ಳಿ, ರಟ್ಟಿನ ದುಡ್ಡು ಹೇಗೂ ಕೊಟ್ಟಾಗಿದೆ.