ಪ್ಲಾನ್ ಇಲ್ಲದಿದ್ರೂ ನಡೆಯುತ್ತೆ, ನಿಗಾ ಇರಬೇಕು

'ಲೈಫನ್ನ ಪ್ಲಾನ್ ಮಾಡಬಾರದು ಗುರು, ಬಂದಂಗೆ ಅನುಭವಿಸಬೇಕು' ಅನ್ನೋ ಪೋಸ್ಟುಗಳು ಪ್ರತಿ ಭಾನುವಾರ ನಮ್ಮ ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲ ಮೇಲಿನ ಸೆಲ್ಫಿ ಜೊತೆ ಬರ್ತಾವೆ. ಕೆಳಗೆ ಇನ್ನೊಂದು ಗುಂಪು ಜಗಳಕ್ಕೆ ನಿಲ್ಲುತ್ತೆ: ಶಿಸ್ತು ಬೇಕು, ಮುಂದಾಲೋಚನೆ ಬೇಕು, ಡೈರಿ ಬರೀಬೇಕು. ಇಬ್ಬರೂ ಎರಡು ಬೇರೆ ಬೇರೆ ವಿಷಯವನ್ನ ಒಂದೇ ಗಂಟು ಕಟ್ಟಿ ಮಾತಾಡ್ತಿದ್ದಾರೆ ಅನ್ನೋದು ನನ್ನ ತಕರಾರು. ನಾಳೆ ಏನಾಗಬೇಕು ಅಂತ ಇವತ್ತೇ ತೀರ್ಮಾನ ಮಾಡೋದು ಒಂದು. ಇರೋದನ್ನ ಕೆಡದ ಹಾಗೆ ನೋಡ್ಕೊಳ್ಳೋದು ಇನ್ನೊಂದು. ಮೊದಲನೇದರ ಮೇಲೆ ನನಗೆ ಅಷ್ಟೇನೂ ನಂಬಿಕೆ ಇಲ್ಲ.

ಕೋಲಾರದವನಿಗೆ ಹೇಗೆ ಇರುತ್ತೆ ಹೇಳಿ? ವರ್ಷಪೂರ್ತಿ ಹರಿಯೋ ಒಂದು ನದಿ ಇಲ್ಲದ ಜಿಲ್ಲೆ ನಮ್ಮದು. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸು ಎರಡು ಸಾವಿರ ದಾಟ್ತು. ಆ ರೇಟು ನೋಡಿ, ಪೆನ್ನು ಹಿಡಿದು ಲೆಕ್ಕ ಹಾಕಿ ನಾಟಿ ಮಾಡಿದವರ ಹಣ್ಣು ಮಂಡಿಗೆ ಬರೋ ಹೊತ್ತಿಗೆ ರೇಟು ನೆಲ ಕಚ್ಚಿತ್ತು. ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಈಗ ಇದೇ ಜಿಲ್ಲೆಯ ರೇಷ್ಮೆ ಮನೆ ನೋಡಿ. ಮುಳಬಾಗಿಲು ಕಡೆ ನಮ್ಮ ಚಿಕ್ಕಮ್ಮ ಹುಳ ಸಾಕ್ತಾರೆ. ಅವರ ಬಾಯಲ್ಲಿ ಪ್ಲಾನ್ ಅನ್ನೋ ಮಾತೇ ಬರಲ್ಲ, ಗೂಡಿನ ರೇಟಿನ ಬಗ್ಗೆ ಕೇಳಿದ್ರೆ 'ದೇವರಿಗೇ ಗೊತ್ತು ಬಿಡು' ಅಂತಾರೆ. ಆದರೆ ಒಂದು ಬೆಳೆ ಇಳಿದ ಮೇಲೆ ಹುಳದ ಮನೆ ಒಳಗೆ ಹೋಗಿ ನೋಡಬೇಕು. ಗೋಡೆ, ನೆಲ, ಸ್ಟ್ಯಾಂಡು, ತಟ್ಟೆ ಒಂದನ್ನೂ ಬಿಡದೆ ತೊಳೆದು, ಬ್ಲೀಚಿಂಗ್ ಪೌಡರ್, ಸುಣ್ಣದ ನೀರು ಹೊಡೀತಾರೆ. ಹುಳ ಗೂಡು ಕಟ್ಟೋ ಚಂದ್ರಿಕೆಗೆ ಅಂಟಿದ ನೂಲೆಲ್ಲ ಬಿಡಿಸಿ ಬಿಸಿಲಿಗೆ ಇಡ್ತಾರೆ. ಹುಳದ ಮೈಮೇಲೆ ಮೊಟ್ಟೆ ಇಟ್ಟು ಸಾಯಿಸೋ ಊಜಿ ನೊಣ ನುಗ್ಗದ ಹಾಗೆ ಕಿಟಕಿಯ ಬಲೆಯಲ್ಲಿ ತೂತು ಬಿದ್ದಿದೆಯಾ ಅಂತ ಬೆಳಕಿಗೆ ಅಡ್ಡ ಹಿಡಿದು ಹುಡುಕ್ತಾರೆ. ಅಷ್ಟು ಮಾಡಿದ್ರೂ ಹುಳಕ್ಕೆ ಹಾಲು ರೋಗ ಬರಬಹುದು. ಮಾಡದೇ ಇದ್ದರೆ ಬಂದೇ ಬರುತ್ತೆ ಅನ್ನೋದಷ್ಟೇ ಅವರ ಲೆಕ್ಕ.

ಇನ್ನು ಮಜಾ ಏನು ಗೊತ್ತಾ, ನಮ್ಮ ಇಡೀ ವಂಶದಲ್ಲಿ ದಿಢೀರ್ ಅಂತ ಎದ್ದು ಹೊರಡೋರು ಅವರೊಬ್ಬರೇ. ರೇಷ್ಮೆ ಹುಳ ಗೂಡು ಕಟ್ಟೋದರೊಳಗೆ ನಾಲ್ಕು ಸಲ ಪೊರೆ ಕಳಚುತ್ತೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟಲ್ಲ, ಹೆಚ್ಚು ಕಮ್ಮಿ ಒಂದು ದಿನ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತೆ. ಮೇಲೆ ಸುಣ್ಣದ ಪುಡಿ ಉದುರಿಸಿ, ಬಾಗಿಲು ಎಳ್ಕೊಂಡು, 'ನಡಿಯಪ್ಪಾ, ಆವಣಿ ಬೆಟ್ಟಕ್ಕೆ ಹೋಗಿಬರೋಣ' ಅಂತ ಚಪ್ಪಲಿ ಹಾಕ್ಕೊಂಡು ನಿಂತಿರ್ತಾರೆ. ಹಿಂದಿನ ಕೆಲಸ ಬಾಕಿ ಇಲ್ಲ, ಹಾಗಾಗಿ ಕಾಲು ಹಗುರ. ಎಲ್ಲಾ ಬಂದಂಗೆ ಬರಲಿ ಅನ್ನೋ ನಮ್ಮ ಭಾವನಿಗೆ ಮಾತ್ರ ಯಾವತ್ತೂ ಹೊರಡೋಕೆ ಆಗಲ್ಲ. ಗಾಡಿಯ ಇನ್ಶೂರೆನ್ಸ್ ಮುಗಿದಿರುತ್ತೆ, ಇಲ್ಲಾ ಟೈರು ಸವೆದಿರುತ್ತೆ.

ಕೆರೆಗಳದ್ದೂ ಇದೇ ಕಥೆ. 2021ರ ನವೆಂಬರ್ ಮಳೆ ಯಾರಿಗೂ ಹೇಳಿ ಕೇಳಿ ಬರಲಿಲ್ಲ. ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಹರಿದವು, ಜನ ಹೋಗಿ ಪೂಜೆ ಮಾಡಿದರು, ರೀಲ್ಸ್ ಮಾಡಿದರು. ಕಾಲುವೆ ಮುಚ್ಚಿಹೋಗಿದ್ದ ಕಡೆ ಅದೇ ನೀರು ಕೆರೆಯ ದಾರಿ ಬಿಟ್ಟು ರಸ್ತೆಗೆ, ತೋಟಕ್ಕೆ ನುಗ್ಗಿತು. ಹಿಂದೆ ಊರಿಗೊಬ್ಬ ನೀರುಗಂಟಿ ಇರ್ತಿದ್ದ. ಮಳೆ ಯಾವಾಗ ಬರುತ್ತೆ ಅಂತ ಅವನಿಗೂ ಗೊತ್ತಿರಲಿಲ್ಲ. ಏರಿ ಮೇಲೆ ಹೆಗ್ಗಣ ಬಿಲ ತೋಡಿದೆಯಾ, ತೂಬು ಸೋರ್ತಿದೆಯಾ, ಕಾಲುವೆಗೆ ಜಾಲಿ ಬಿದ್ದಿದೆಯಾ ಅಂತ ನೋಡ್ಕೊಳ್ಳೋದು ಅವನ ಕೆಲಸ. ಈಗ ಹೂಳೆತ್ತೋಕೆ ಯೋಜನೆ ಇದೆ, ಬೋರ್ಡು ಇದೆ, ಉದ್ಘಾಟನೆ ಇದೆ. ದಿನಾ ಏರಿ ಮೇಲೆ ಒಂದು ಸುತ್ತು ಹೋಗೋ ಮನುಷ್ಯ ಮಾತ್ರ ಇಲ್ಲ.

ಹಾಗಂತ ಗಂಟೆಗಂಟೆಗೂ ಎಕ್ಸೆಲ್ ಶೀಟು ಮಾಡ್ಕೊಂಡು ಟೂರ್ ಹೊರಡೋರ ಪರ ನಾನಲ್ಲ. ಅವರ ಜೊತೆ ಹೋದರೆ ಟೀ ಕುಡಿಯೋಕೂ ಪರ್ಮಿಷನ್ ಬೇಕು.

ನನಗೆ ಕಿರಿಕಿರಿ ಆಗೋದು ಬೇರೆ ಕಡೆ. ದಿಢೀರ್ ಬದುಕಿನ ಬಗ್ಗೆ ಭಾಷಣ ಮಾಡೋ ಗಂಡಸರ ಮನೆಯಲ್ಲಿ ಯಾರೋ ಒಬ್ಬರು ಸದ್ದಿಲ್ಲದೆ ನಿಗಾ ಇಟ್ಟಿರ್ತಾರೆ. ರಾತ್ರಿ ಒಂಬತ್ತಕ್ಕೆ ನಾಲ್ಕು ಜನ ಫ್ರೆಂಡ್ಸನ್ನ ಕರ್ಕೊಂಡು ಬಂದು 'ಏನಾದ್ರೂ ಮಾಡು' ಅಂದರೆ ಹಿತಕಿದ ಬೇಳೆ ಸಾರು ಬರುತ್ತಲ್ಲ, ಆ ಅವರೆಕಾಯಿ ಮಧ್ಯಾಹ್ನವೇ ಸುಲಿದು, ನೆನೆಹಾಕಿ, ಒಂದೊಂದೇ ಹಿತುಕಿ ಇಟ್ಟಿದ್ದು. ರಾಗಿ ಹಿಟ್ಟು ಮುಗಿಯೋ ಮೊದಲೇ ಮಿಲ್ಲಿಗೆ ಹೋಗಿ ಬಂದಿರುತ್ತೆ. ಸಾಹೇಬರು ಕೈ ತೊಳ್ಕೊಂಡು 'ನೋಡ್ರೋ, ಪ್ಲಾನೇ ಇರಲಿಲ್ಲ, ಎಷ್ಟು ಚೆನ್ನಾಗಿ ಆಯ್ತು' ಅಂತಾರೆ.

ಮುಂದಿನ ಭಾನುವಾರ ಹೇಳದೆ ಕೇಳದೆ ಎಲ್ಲಾದ್ರೂ ಹೋಗೋಣ ಅಂತ ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದೀರಲ್ಲ, ನಾನು ರೆಡಿ. ಒಂದೇ ಷರತ್ತು. ನಿಮ್ಮ ಮನೆಯ ಗ್ಯಾಸ್ ಸಿಲಿಂಡರ್ ಕೊನೇ ಸಲ ಯಾವಾಗ ಬಂತು ಅಂತ ಹೆಂಡತೀನ ಕೇಳದೆ ಕಾಮೆಂಟಲ್ಲಿ ಬರೀರಿ. ಬರೆದವರು ನನ್ನ ಗಾಡಿ ಹಿಂದೆ ಹತ್ತಬಹುದು.