ಗ್ರೈಂಡರ್ ಕೊಳ್ಳೋಕೂ ವಾಕ್ಯ ಬೇಕೇ?

ಅಡುಗೆಮನೆಗೆ ಒಂದು ಯಂತ್ರ ತರುವಾಗ ಕ್ರೈಸ್ತ ಕುಟುಂಬ ಬೈಬಲನ್ನು ಮುಂದಿಟ್ಟುಕೊಳ್ಳಬೇಕೇ? ಒಂದೇ ಸಭೆಯ ಇಬ್ಬರು ಇಲ್ಲಿ ಬರೆದಿದ್ದಾರೆ.

ಪರ

ದಸರೆಯಿಂದ ಕ್ರಿಸ್‌ಮಸ್‌ವರೆಗೆ ಬೆಂಗಳೂರಿನ ಅಂಗಡಿಗಳಲ್ಲಿ ಒಂದೇ ಮಾತು: ಇವತ್ತು ತಗೊಂಡು ಹೋಗಿ, ದುಡ್ಡು ಆಮೇಲೆ ಕೊಡಿ. ಹೋದ ವರ್ಷ ನಾನು, ನನ್ನ ಹೆಂಡತಿ ಜಯನಗರದ ಅಂಗಡಿಯೊಂದಕ್ಕೆ ವೆಟ್ ಗ್ರೈಂಡರ್ ನೋಡಲು ಹೋದವರು ಅರ್ಧ ಗಂಟೆಯಲ್ಲಿ ಡಿಶ್‌ವಾಷರ್ ಮುಂದೆ ನಿಂತಿದ್ದೆವು. ಅಲ್ಲಿಗೆ ಹೇಗೆ ತಲುಪಿದೆವೋ ಈಗಲೂ ಗೊತ್ತಿಲ್ಲ. ಸೇಲ್ಸ್ ಹುಡುಗ ಒಳ್ಳೆಯವನೇ. ಕೈಯಲ್ಲಿ ಟ್ಯಾಬ್, ಬಾಯಲ್ಲಿ ‘ನೋ ಕಾಸ್ಟ್ ಇಎಂಐ’. ಒಟಿಪಿ ಹೇಳುವುದೊಂದು ಬಾಕಿ.

ಆಗ ನೆನಪಾದದ್ದು ಲೂಕನ ಸುವಾರ್ತೆಯ ಗೋಪುರ. ಕಟ್ಟಬೇಕೆಂದಿರುವವನು ಮೊದಲು ಕೂತುಕೊಂಡು ಖರ್ಚು ಎಷ್ಟಾದೀತೆಂದು ಲೆಕ್ಕ ಮಾಡುವುದಿಲ್ಲವೇ (14:28)? ಚಿಕ್ಕಂದಿನಿಂದ ಕೇಳಿದ ಮಾತು. ಅವತ್ತು ಮಾತ್ರ ತಾಕಿದ್ದು ‘ಲೆಕ್ಕ’ ಅಲ್ಲ, ‘ಕೂತುಕೊಂಡು’. ಅಂಗಡಿಯಲ್ಲಿ ಕೂರಲು ಎಲ್ಲಿ ಬಿಡುತ್ತಾರೆ? ನಿಂತವನ ಕೈಯಲ್ಲೇ ಸಹಿ ಹಾಕಿಸುತ್ತಾರೆ. ನಾಳೆ ಬರ್ತೀವಿ ಅಂದು ಮನೆಗೆ ಬಂದು ಕೂತೆವು.

ಮೊದಲು ಕಂತು. ಶೂನ್ಯ ಬಡ್ಡಿ ಎನ್ನುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿಯಾಗಿದೆ. ಈಗ ನಡೆಯುವುದು ಬೇರೆ ಆಟ. ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಅಂಗಡಿ ಅಥವಾ ಕಂಪನಿ ರಿಯಾಯಿತಿಯೆಂದು ತೋರಿಸುತ್ತದೆ. ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ನಮ್ಮ ಲೆಕ್ಕಕ್ಕೆ. ನಗದು ಕೊಟ್ಟರೆ ಚೌಕಾಶಿ ಮಾಡಿ ಇಳಿಸಬಹುದಾಗಿದ್ದ ಸಾವಿರವೂ ಹೋಯಿತು. ಸಾಲಗಾರ ಸಾಲ ಕೊಟ್ಟವನ ಸೇವಕ ಎಂಬ ಜ್ಞಾನೋಕ್ತಿಯನ್ನು (22:7) ನಾನು ಮೊದಲೆಲ್ಲ ಮನೆಸಾಲಕ್ಕೆ ಸೇರಿದ್ದು ಅಂದುಕೊಂಡಿದ್ದೆ. ಸಣ್ಣ ಸಾಲಗಳೇ ಹೆಚ್ಚು ಯಜಮಾನಿಕೆ ಮಾಡುತ್ತವೆ, ಏಕೆಂದರೆ ಅವನ್ನು ಸಾಲ ಎಂದು ನಾವು ಕರೆಯುವುದೇ ಇಲ್ಲ.

ಆಮೇಲೆ ಕರೆಂಟು. ನಮ್ಮ ಮನೆ ತಿಂಗಳಿಗೆ 180 ಯೂನಿಟ್ಟಿನ ಆಸುಪಾಸಿನಲ್ಲಿ ಓಡುತ್ತದೆ. ಬಿಸಿನೀರಿನಲ್ಲಿ ತೊಳೆಯುವ ಯಂತ್ರ ಒಂದು ಸುತ್ತಿಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ತಿಂಗಳಿಗೆ 30. ಗೃಹಜ್ಯೋತಿಯಲ್ಲಿ 200 ದಾಟಿದರೆ ದಾಟಿದಷ್ಟಕ್ಕಲ್ಲ, ಆ ತಿಂಗಳ ಇಡೀ ಬಿಲ್ಲು ನಮ್ಮ ತಲೆಗೆ. ನಮ್ಮದು ಬೋರ್‌ವೆಲ್ ನೀರು, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವ ಗಡಸು ನೀರು. ನೀರಿನ ಗಡಸುತನ ಇಳಿಸಲು ಆ ಯಂತ್ರಕ್ಕೆ ಬೇರೆ ಉಪ್ಪು ಹಾಕುತ್ತಲೇ ಇರಬೇಕು. ಗ್ರೈಂಡರಿನ ಕಥೆ ನೋಡಿ: 150 ವಾಟ್, ಇಡ್ಲಿ ಹಿಟ್ಟಿಗೆ 40 ನಿಮಿಷ, ಅಂದರೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ. 750 ವಾಟ್ ಮಿಕ್ಸಿಯನ್ನು ಕಾಲು ಗಂಟೆ ಅರಚಿಸಿದರೂ ಇದಕ್ಕಿಂತ ಹೆಚ್ಚಾಗುತ್ತದೆ.

ಇಷ್ಟಕ್ಕೆ ಬೈಬಲ್ ಯಾಕೆ, ಕ್ಯಾಲ್ಕುಲೇಟರ್ ಸಾಲದೇ ಎನ್ನುತ್ತೀರಿ. ಸಾಲದು. ಕೈಯಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡೇ ನಾವು ಒಟಿಪಿ ಹೇಳಲು ಹೊರಟಿದ್ದೆವು. ತಡೆದದ್ದು ಬೇರೆಯದು.

ಬೈಬಲು ಅಡುಗೆಮನೆಯ ವಿಷಯಕ್ಕೆ ಬರುವುದಿಲ್ಲ ಎನ್ನುವವರಿಗೆ ಧರ್ಮೋಪದೇಶಕಾಂಡ ತೋರಿಸುತ್ತೇನೆ. 24:6: ಬೀಸುವ ಕಲ್ಲನ್ನಾಗಲಿ ಅದರ ಮೇಲಿನ ಕಲ್ಲನ್ನಾಗಲಿ ಅಡವಾಗಿ ತೆಗೆದುಕೊಳ್ಳಬಾರದು, ಅದು ಜೀವವನ್ನೇ ಅಡವಿಟ್ಟುಕೊಂಡ ಹಾಗೆ. ಬೀಸುವ ಕಲ್ಲೆಂದರೆ ಆ ಕಾಲದ ಮಿಕ್ಸಿ. ಒಂದು ಮನೆಯ ಕಲ್ಲಿಗೂ ಆ ಮನೆಯ ಜೀವಕ್ಕೂ ಗಂಟು ಹಾಕಿದ ಈ ವಚನ ಓದಿದ ಮೇಲೆ ನಮ್ಮಲ್ಲಿ ಪಾತ್ರೆ ತೊಳೆಯಲು ಬರುವ ಅಕ್ಕನ ಮುಖ ಕಣ್ಣಮುಂದೆ ಬಂತು. ಅವಳ ಕೈಯೇ ಅವಳ ಬೀಸುವ ಕಲ್ಲು. ಡಿಶ್‌ವಾಷರ್ ಬಂದರೆ ಅವಳ ನಾಲ್ಕು ಮನೆಗಳಲ್ಲಿ ಒಂದು ಹೋದ ಹಾಗೆ.

ಗ್ರೈಂಡರ್ ತಂದೆವು, ಎರಡು ಲೀಟರಿನದು, ನಗದು ಕೊಟ್ಟು. ಚೌಕಾಶಿ ಮಾಡುವಾಗ ನನಗೇ ನಗು ಬಂತು. ಕೊಳ್ಳುವಾಗ ‘ಚೆನ್ನಾಗಿಲ್ಲ, ಚೆನ್ನಾಗಿಲ್ಲ’ ಎಂದು ಮೂಗುಮುರಿದು, ಆಚೆ ಹೋಗಿ ಕೊಚ್ಚಿಕೊಳ್ಳುವವನ ಚಿತ್ರವೂ ಜ್ಞಾನೋಕ್ತಿಗಳಲ್ಲಿದೆ (20:14). ಚಿಕ್ಕಪೇಟೆಯನ್ನು ಕಂಡವರೇ ಬರೆದ ಹಾಗಿದೆ.

ವಿರೋಧ

1986ರಲ್ಲಿ ನಮ್ಮ ಮನೆಗೆ ಸ್ಕೂಟರ್ ಬಂತು. ಯಾರೂ ವಾಕ್ಯ ಓದಲಿಲ್ಲ. ಸಭೆಯ ಪಾದ್ರಿ ಅಯ್ಯನವರು ಬಂದು ಚಿಕ್ಕ ಪ್ರಾರ್ಥನೆ ಮಾಡಿದರು, ಕಾಫಿ ಕುಡಿದರು, ಅಪ್ಪ ಅವರನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೊಡೆದರು. ಅದೇ ವರ್ಷ ಅಮ್ಮ ಗ್ರೈಂಡರ್ ಕೇಳಿದರು. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಇಬ್ರಿಯರಿಗೆ ಬರೆದ ಪತ್ರ ತೆರೆಯಿತು, 13:5: ನಿಮಗಿರುವವುಗಳಲ್ಲಿ ತೃಪ್ತರಾಗಿರಿ. ಮುಂದಿನ ಆರು ವರ್ಷ ಅಮ್ಮ ಒರಳಿನ ಮುಂದೆ ತೃಪ್ತರಾಗಿದ್ದರು. ಆ ವಚನದ ಮೊದಲರ್ಧ ‘ದ್ರವ್ಯಾಶೆಯಿಲ್ಲದವರಾಗಿರಿ’ ಅಂತ. ಅದನ್ನು ಅಪ್ಪ ಗಟ್ಟಿಯಾಗಿ ಓದಿದ್ದು ನನಗೆ ನೆನಪಿಲ್ಲ.

ಆದ್ದರಿಂದ ಯಾರಾದರೂ ಅಡುಗೆಮನೆಯ ಸಾಮಾನಿಗೆ ವಚನ ತೆಗೆದರೆ ನನಗೆ ಮೊದಲು ಬರುವ ಪ್ರಶ್ನೆ, ಗಾಡಿಗೆ ಯಾವ ವಚನ ತೆಗೆದಿರಿ? ಫೋನಿಗೆ?

ಮೇಲಿನ ಲೇಖನದ ಲೆಕ್ಕದಲ್ಲಿ ತಪ್ಪಿಲ್ಲ. ನಾನೂ ಹಾಗೇ ಲೆಕ್ಕ ಹಾಕುತ್ತೇನೆ. ಆದರೆ ಅಲ್ಲಿನ ಒಂದೊಂದು ಅಂಕಿಯೂ ಬಂದದ್ದು ಬೆಸ್ಕಾಂ ಬಿಲ್ಲಿನಿಂದ, ರಿಸರ್ವ್ ಬ್ಯಾಂಕಿನಿಂದ, ಯಂತ್ರದ ಹಿಂದೆ ಅಂಟಿಸಿದ ಚೀಟಿಯಿಂದ. ವಚನಗಳನ್ನು ಒಂದೊಂದಾಗಿ ಎತ್ತಿಬಿಡಿ, ಲೆಕ್ಕ ಅಲ್ಲಾಡುವುದಿಲ್ಲ. ಪಕ್ಕದ ಮನೆಯ ಅಜ್ಜಿ ಬೈಬಲ್ ಮುಟ್ಟಿದವರಲ್ಲ, ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಹೇಳಿ ಇದೇ ಗ್ರೈಂಡರನ್ನೇ ತರುತ್ತಿದ್ದರು. ಚೌಕಾಶಿ ಇನ್ನೂ ಚೆನ್ನಾಗಿ ಮಾಡುತ್ತಿದ್ದರು.

ಇನ್ನು ಗೋಪುರದ ಮಾತು. ಯೇಸು ಅದನ್ನು ಹೇಳಿದ್ದು ಶಾಪಿಂಗಿಗಲ್ಲ. ತನ್ನ ಶಿಲುಬೆ ಹೊತ್ತು ಹಿಂದೆ ಬರುವುದರ ಬೆಲೆ ಎಷ್ಟೆಂದು ಕೂತು ಯೋಚಿಸಿ ಎಂದು ಜನರ ಗುಂಪಿಗೆ ಹೇಳಿದ ಮಾತದು. ಐದು ವಚನ ಮುಂದೆ ಹೋಗಿ, 14:33: ತನಗಿರುವುದನ್ನೆಲ್ಲ ಬಿಟ್ಟುಬಿಡದವನು ನನ್ನ ಶಿಷ್ಯನಾಗಲಾರ. ಅದನ್ನು ನಿಜವಾಗಿ ಒಪ್ಪಿಕೊಂಡರೆ ಡಿಶ್‌ವಾಷರ್ ಬಿಟ್ಟು ಗ್ರೈಂಡರ್ ತಂದು ನಿಲ್ಲುವಂತಿಲ್ಲ, ಜಯನಗರದ ಮನೆಯೂ ಮಾತಿಗೆ ಬರುತ್ತದೆ. ನಮಗೆ ಬೇಕಾದಲ್ಲಿ ವಚನವನ್ನು ಕತ್ತರಿಸಿ, ಅಳತೆಗೆ ಹೊಲಿಸಿಕೊಳ್ಳುತ್ತೇವೆ.

ಬೀಸುವ ಕಲ್ಲಿನ ವಚನ ನನಗೂ ತುಂಬ ಪ್ರಿಯ. ಆದರೆ ಅದು ಯಾರಿಗೆ ಹೇಳಿದ್ದು ಗಮನಿಸಿ. ಅಡವಿಟ್ಟುಕೊಳ್ಳುವವನಿಗೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತು ಕೂಲಿ ಕೊಡುವವನಿಗೆ: ಸೂರ್ಯ ಮುಳುಗುವ ಮೊದಲೇ ಕೊಟ್ಟುಬಿಡು (24:15). ಯಾಜಕಕಾಂಡದ ನ್ಯಾಯವಾದ ತಕ್ಕಡಿ ಮಾರುವವನಿಗೆ (19:36). ಮೋಶೆಯ ಧರ್ಮಶಾಸ್ತ್ರ ಬೆರಳು ತೋರಿಸುವುದು ಸಾಲ ಕೊಡುವವನ ಕಡೆ, ತೂಗುವವನ ಕಡೆ, ಕೂಲಿ ಹಿಡಿದಿಟ್ಟುಕೊಂಡವನ ಕಡೆ. ಆ ಬೆರಳನ್ನು ತಿರುಗಿಸಿ ಚೀಲ ಹಿಡಿದು ನಿಂತವಳ ಕಡೆ ತೋರಿಸಿದವರು ನಾವು.

ಪಾತ್ರೆ ತೊಳೆಯುವ ಅಕ್ಕನ ಹೊಟ್ಟೆಪಾಡಿಗಾಗಿ ಯಂತ್ರ ತರಲಿಲ್ಲವಂತೆ. ಸಂತೋಷ. ಅವಳಿಗೆ ವಾರಕ್ಕೊಂದು ರಜೆ ಉಂಟೇ? ಹಬ್ಬಕ್ಕೆ ಬೋನಸ್? ಕರ್ನಾಟಕ ಸರ್ಕಾರ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿದ್ದು 2004ರಲ್ಲಿ. ಆ ಮೊತ್ತ ಈಗ ಎಷ್ಟೆಂದು ನಮ್ಮ ಸಭೆಯಲ್ಲಿ ಕೇಳಿದೆ, ಒಬ್ಬರೂ ಹೇಳಲಿಲ್ಲ. ಬೈಬಲ್ ಬೇಕಾದದ್ದು ಅಲ್ಲಿ. ಯಾಕೋಬನ ಪತ್ರದ ಐದನೇ ಅಧ್ಯಾಯದಲ್ಲಿ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ. ಯಂತ್ರ ಬಂತೋ ಬಿಟ್ಟಿತೋ, ಆ ಕೂಗಿಗೆ ವ್ಯತ್ಯಾಸವಿಲ್ಲ.

ಇನ್ನೊಂದು ಅಪಾಯ ಹೇಳದಿದ್ದರೆ ಆಗದು, ಸ್ವಲ್ಪ ನಗು ಬಂದರೂ. ನಮ್ಮ ಸ್ತ್ರೀಯರ ಕೂಟದ ಒಬ್ಬರಿಗೆ ಕ್ರಿಸ್‌ಮಸ್ಸಿನ ಕಲ್‌ಕಲ್ ತಿಂಡಿ, ಕೇಕಿನ ಸೀಸನ್ನಿಗೆ ಮೊದಲು ಓವನ್ ಒಂದು ಅರ್ಧ ಬೆಲೆಗೆ ಸಿಕ್ಕಿತು. ಪ್ರಾರ್ಥನೆಗೆ ಸಿಕ್ಕ ಉತ್ತರ ಎಂದು ಸಭೆಯ ಮುಂದೆ ಸಾಕ್ಷಿ ಹೇಳಿದರು. ಮೂರು ತಿಂಗಳಿಗೆ ಒಳಗಿನ ಕಾಯಿಲ್ ಸುಟ್ಟಿತು. ಬಿಲ್ ಇದೆಯಲ್ಲ, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕೇಳದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ ಎಂದೆ. ಅವರ ಉತ್ತರ: ‘ಸಾಕ್ಷಿ ಹೇಳಿಬಿಟ್ಟಿದ್ದೀನಿ ಕಣೇ, ಈಗ ಹೇಗೆ ದೂರು ಕೊಡಲಿ?’ ದೇವರು ಕೊಡಿಸಿದ ಓವನ್ನಿಗೆ ವಾರಂಟಿ ಕೇಳಲು ಅವರಿಗೆ ನಾಚಿಕೆ. ಲಾಭವಾದದ್ದು ಅಂಗಡಿಯವನಿಗೆ.

ಉಪಚಾರದ ಗಡಿಬಿಡಿಯಲ್ಲಿದ್ದ ಮಾರ್ಥ, ಯೇಸುವಿನ ಪಾದದ ಬಳಿ ಕೂತು ಕೇಳಿದ ತಂಗಿ ಮರಿಯ, ಇವರಿಬ್ಬರ ಪ್ರಸಂಗವನ್ನು ಅದೇ ಕೂಟದಲ್ಲಿ ವರ್ಷಕ್ಕೊಮ್ಮೆಯಾದರೂ ಕೇಳುತ್ತೇವೆ. ಮರಿಯಳು ಉತ್ತಮ ಭಾಗವನ್ನು ಆರಿಸಿಕೊಂಡಳು ಎಂದಾಗ ಎಲ್ಲರೂ ಆಮೆನ್ ಎನ್ನುತ್ತೇವೆ. ಎದ್ದು ನೇರ ಬಿರಿಯಾನಿ ಹಂಡೆಯ ಕಡೆ ಹೋಗುತ್ತೇವೆ.

ನನ್ನ ಮೊದಲ ಸಂಬಳ ಬಂದದ್ದು 1992ರಲ್ಲಿ. ಯಾರನ್ನೂ ಕೇಳದೆ ಕಂತಿನ ಮೇಲೆ ಗ್ರೈಂಡರ್ ತಂದೆ. ಹನ್ನೊಂದು ತಿಂಗಳು ಕಟ್ಟಿದೆ, ಬಡ್ಡಿಯೂ ಇತ್ತು, ದಂಡಗಾಣಿಕೆಯೇ ಎನ್ನಿ. ಮೊದಲ ದಿನ ಅಕ್ಕಿ, ಉದ್ದು ಹಾಕಿ ಸ್ವಿಚ್ ಒತ್ತಿದ ಮೇಲೆ ಅಮ್ಮ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತರು. ಕಲ್ಲು ತನ್ನಷ್ಟಕ್ಕೆ ತಿರುಗುತ್ತಿತ್ತು. ಎರಡೂ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಡಿಲಲ್ಲಿ ಇಡುತ್ತಿದ್ದರು, ಒಮ್ಮೆ ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು.